ಕೊರತೆಯಲ್ಲದ ದೋಷ

ವಂಶವಾಹಿಯೊಂದು ಕೆಟ್ಟರೆ ಅದು ರೂಪಿಸುವ ಕಿಣ್ವ ಸೊರಗುತ್ತದೆ, ಕಿಣ್ವ ಸೊರಗಿದರೆ ಅದರ ಉತ್ಪನ್ನ ಸಾಲದಾಗುತ್ತದೆ, ಸಾಲದ್ದನ್ನು ತುಂಬಿಕೊಡುವುದೇ ಚಿಕಿತ್ಸೆ ಎಂಬ ತಿಳಿವಳಿಕೆ ಅನೇಕ ಆನುವಂಶಿಕ ರೋಗಗಳಿಗೆ ಸಲ್ಲುತ್ತದೆಯಾದರೂ, ಅದನ್ನೇ ಸಾರ್ವತ್ರಿಕ ನಿಯಮವೆಂದು ಹಿಡಿದರೆ ಸೆರೀನ್ ಪಾಮಿಟಾಯ್ಲ್ ಟ್ರಾನ್ಸ್‌ಫರೇಸ್ ಎಂಬ ಕಿಣ್ವದ ವಿಷಯದಲ್ಲಿ ದಾರಿ ತಪ್ಪುವುದು ಖಂಡಿತ.

ಸೆರೀನ್ ಎಂಬ ಅಮೈನೋ ಆಮ್ಲವನ್ನು 16 ಇಂಗಾಲಗಳ ಪಾಮಿಟಿಕ್ ಆಮ್ಲದ ಸಕ್ರಿಯ ರೂಪದೊಡನೆ ಬೆಸೆಯುವ ಈ ಕಿಣ್ವ, ಕೋಶಪೊರೆಗಳಲ್ಲೂ ನರತಂತುಗಳ ಮಯಲಿನ್ ಹೊದಿಕೆಯಲ್ಲೂ ಹೇರಳವಾಗಿರುವ ಸ್ಫಿಂಗೋಲಿಪಿಡ್‌ಗಳೆಂಬ ಮೇದಸ್ಸುಗಳ ತಯಾರಿಕೆಯ ಮೊದಲ ಹೆಜ್ಜೆಯನ್ನು ನೆರವೇರಿಸುತ್ತದೆ. ಇದರ ಒಂದು ಘಟಕವನ್ನು ರೂಪಿಸುವ ಎಸ್‌ಪಿಟಿಎಲ್‌ಸಿ1 ವಂಶವಾಹಿಯಲ್ಲಿ ಆಗುವ ಕೆಲವು ಉತ್ಪರಿವರ್ತನೆಗಳು, ಪಾದಗಳಲ್ಲಿ ನೋವು ಮತ್ತು ಬಿಸಿಯ ಅರಿವನ್ನು ಅಳಿಸಿ, ಗಾಯವಾದದ್ದೇ ಗೊತ್ತಾಗದೆ ಹುಣ್ಣು ಆಳಕ್ಕಿಳಿಯುವಂಥ ನರರೋಗವನ್ನು ತರುತ್ತವೆಂದು 2001ರಲ್ಲಿ ತಿಳಿಯಿತು. ಇಲ್ಲಿ ಕೊರತೆಯನ್ನು ಹುಡುಕುವುದು ಸಹಜವೇ. ಆದರೆ ಮುಖ್ಯ ದೋಷವಿರುವುದು ಬೇರೆಡೆ. ಬದಲಾದ ಕಿಣ್ವ ಸೆರೀನಿನ ಜಾಗದಲ್ಲಿ ಅಲನೀನ್ ಎಂಬ ಇನ್ನೊಂದು ಅಮೈನೋ ಆಮ್ಲವನ್ನೂ ಎತ್ತಿಕೊಳ್ಳುತ್ತದೆ. ಎರಡಕ್ಕೂ ಇರುವ ವ್ಯತ್ಯಾಸ ಒಂದೇ ಒಂದು ಆಮ್ಲಜನಕ ಪರಮಾಣು. ಆದರೆ ಮುಂದಿನ ಜೋಡಣೆಗೂ ಕೊನೆಯ ವಿಘಟನೆಗೂ ಬೇಕಾದದ್ದು ಅದೇ ಆಗಿರುವುದರಿಂದ, ಅದಿಲ್ಲದ ಲಿಪಿಡ್ ಪೊರೆಯ ಪೂರ್ಣ ಘಟಕವೂ ಆಗದೆ, ಎಂದಿನ ಮಾರ್ಗದಲ್ಲಿ ಕರಗಿಯೂ ಹೋಗದೆ, ಉಳಿದುಕೊಂಡು ನರಗಳಿಗೆ ವಿಷವಾಗುತ್ತದೆ.

ಆದ್ದರಿಂದ ಈ ರೋಗಿಗಳಿಗೆ ಸೆರೀನ್ ಕೊಡುವುದರ ಉದ್ದೇಶ ದೇಹದಲ್ಲಿ ಇಲ್ಲದ್ದನ್ನು ತುಂಬುವುದಲ್ಲ, ಅಲನೀನನ್ನು ಪೈಪೋಟಿಯಲ್ಲಿ ಹಿಂದಕ್ಕೆ ತಳ್ಳುವುದು. ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 400 ಮಿಲಿಗ್ರಾಂನಂತೆ ಕೊಟ್ಟು ನಡೆಸಿದ, 2019ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಒಂದಿಷ್ಟು ಅನುಕೂಲ ಕಂಡಿತು; ಪಾಲ್ಗೊಂಡವರು 18 ಮಂದಿಯಷ್ಟೇ ಆದ್ದರಿಂದ ಅದನ್ನು ಹಿಗ್ಗಿಸಿ ಹೇಳುವುದು ತರವಲ್ಲ.

ಇದೇ ವಂಶವಾಹಿಯ ಬೇರೊಂದು ಭಾಗದಲ್ಲಾಗುವ ಉತ್ಪರಿವರ್ತನೆಗಳು ಬಾಲ್ಯದಲ್ಲೇ ಚಾಲಕ ನರಕೋಶಗಳನ್ನು ನಾಶಮಾಡುವ ಎಎಲ್‌ಎಸ್ ರೋಗವನ್ನುಂಟುಮಾಡುತ್ತವೆಂದು 2021ರಲ್ಲಿ ವರದಿಯಾದಾಗ ಪ್ರಶ್ನೆ ಇನ್ನಷ್ಟು ಮೊನಚಾಯಿತು. ಅಲ್ಲಿ ಕಿಣ್ವ ಸರಿಯಾದ ಕಚ್ಚಾವಸ್ತುವನ್ನೇ ಬಳಸುತ್ತದೆ, ಆದರೆ ಲಿಪಿಡ್ ಸಾಕಷ್ಟಾದಾಗ ತಡೆಯೊಡ್ಡಬೇಕಾದ ಓಆರ್‌ಎಂಡಿಎಲ್ ಪ್ರೋಟೀನುಗಳ ಕಡಿವಾಣಕ್ಕೆ ಸಿಗದೆ ಅತಿಯಾಗಿ ತಯಾರಿಸುತ್ತದೆ. ಇಂಥ ಮಗುವಿಗೆ ಸೆರೀನ್ ಕೊಡುವುದು ಉರಿಯುವ ಬೆಂಕಿಗೆ ತುಪ್ಪ ಸುರಿದಂತಾದೀತು.

ಒಂದೇ ವಂಶವಾಹಿ, ಒಂದೇ ಕಿಣ್ವ. ಒಂದೆಡೆ ಆಯ್ಕೆ ತಪ್ಪಿದೆ, ಇನ್ನೊಂದೆಡೆ ಮಿತಿ ತಪ್ಪಿದೆ, ಎರಡರಲ್ಲೂ ರೋಗದ ಮೂಲ ಕೊರತೆಯಲ್ಲ. ಕೆಟ್ಟ ವಂಶವಾಹಿಯ ಹೆಸರನ್ನಷ್ಟೇ ನಮೂದಿಸಿ, ಅದು ಕೆಟ್ಟ ಬಗೆ ಯಾವುದೆಂದು ಹೇಳದ ಪರೀಕ್ಷಾ ವರದಿಯನ್ನು ನೆಚ್ಚಿ, ಅಂಗಡಿಯಲ್ಲಿ ಸಲೀಸಾಗಿ ಸಿಗುವ ಸೆರೀನನ್ನು ಆರಂಭಿಸುವುದು ಸರಿಯಾದ ವೈದ್ಯವಲ್ಲ.