ಕೀಲಿಯೊಂದಿಗೆ ಕಾಗದವೂ ಕೈ ಬದಲಾಗಲಿ

ಒಂದೇ ಎತ್ತಿರುವ ರೈತನು ಒಂದೇ ಎತ್ತಿರುವ ನೆರೆಯವನೊಡನೆ ಕೂಡಿಕೊಂಡು ಇಬ್ಬರ ಹೊಲವನ್ನೂ ಬಿತ್ತುವ ರೂಢಿ ಬಯಲುಸೀಮೆಯ ಹಳ್ಳಿಗಳಿಗೆ ಹೊಸದಲ್ಲ. ಮಲೆನಾಡಿನಲ್ಲಿ ಇದೇ ಭಾವ ಮುಯ್ಯಾಳಿನ ರೂಪದಲ್ಲಿ ಬಾಳಿಬಂದಿದೆ. ಇಲ್ಲದ್ದನ್ನು ಕೊಳ್ಳುವ ಮೊದಲು ಇದ್ದುದನ್ನು ಹಂಚಿಕೊಳ್ಳಬೇಕೆಂಬ ವಿವೇಕ ಈ ಎರಡಕ್ಕೂ ತಳಹದಿ. ಈಗ ಎತ್ತಿನ ಕೊಟ್ಟಿಗೆಯಲ್ಲಿ ಎಂಜಿನ್ ನಿಂತಿದೆ. ಆದರೆ ಆ ವಿವೇಕ ಎಂಜಿನ್ನಿನ ಮಟ್ಟಿಗೆ ಇನ್ನೂ ಒದಗಿಬಂದಂತಿಲ್ಲ. ತನ್ನ ವಾಹನ ತನ್ನ ಕೆಲಸಕ್ಕೆ ಒಗ್ಗದೆಂದು ಕಂಡೊಡನೆ ಮನುಷ್ಯ ಹೊಸದರ ಸಾಲಕ್ಕೆ ಬ್ಯಾಂಕಿನ ಮೆಟ್ಟಿಲೇರುತ್ತಾನೆ. ತನಗೆ ಒಗ್ಗುವ ವಾಹನ ಒಡಹುಟ್ಟಿದವರ ಅಂಗಳದಲ್ಲೇ ನಿಂತಿರಬಹುದೆಂದು ಯೋಚಿಸುವವರು ವಿರಳ.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳಬಹುದು. ಕೊಪ್ಪಳ ಜಿಲ್ಲೆಯ ಕುಷ್ಟಗಿ ತಾಲ್ಲೂಕಿನ ತಾವರಗೇರಾದಲ್ಲಿ ಅಣ್ಣ, ಶಿರಸಿಯ ಕಡೆಯ ಗುಡ್ಡದ ಊರೊಂದರಲ್ಲಿ ಶಾಲಾ ಶಿಕ್ಷಕನಾದ ತಮ್ಮ. ಅಣ್ಣನಲ್ಲಿರುವುದು ನಾಲ್ಕೂ ಚಕ್ರಕ್ಕೆ ಬಲ ಹಾಯುವ ಡೀಸೆಲ್ ಜೀಪು. ತಮ್ಮನಲ್ಲಿರುವುದು ನೆಲಕ್ಕೆ ತಗ್ಗಿದ ಸಣ್ಣ ಡೀಸೆಲ್ ಕಾರು. ಅಣ್ಣ ವ್ಯಾಪಾರಕ್ಕೆಂದು ಸುತ್ತಲಿನ ಊರುಗಳಿಗೆ ದಿನಕ್ಕೆ 40 ಕಿ.ಮೀ. ಓಡಾಡುತ್ತಾನೆ. ತಮ್ಮನದು ದಿನಕ್ಕೆ 5 ಕಿ.ಮೀ. ಮಾತ್ರ, ಆದರೆ ಅದರಲ್ಲಿ ಅರ್ಧ ಕೆಸರಿನ ಏರು. ಮಳೆಗಾಲದಲ್ಲಿ ಕಾರಿನ ತಳ ಕಲ್ಲಿಗೆ ಬಡಿಯುತ್ತದೆ, ಕ್ಲಚ್ಚು ಸುಡುತ್ತದೆ. ತಮ್ಮ ಹೊಸ ಜೀಪು ಕೊಳ್ಳಲು ಹೊರಟಿದ್ದಾನೆ. ಡೀಸೆಲ್ ಖರ್ಚು ತಾಳದ ಅಣ್ಣ ಹೊಸ ಸಣ್ಣ ಕಾರು ನೋಡುತ್ತಿದ್ದಾನೆ. ಇಂತಹ ಎರಡು ಮನೆಗಳು ಎರಡು ಹೊಸ ವಾಹನ ಕೊಳ್ಳುವ ಬದಲು ಇದ್ದವನ್ನೇ ಅದಲುಬದಲು ಮಾಡಿಕೊಂಡರೆ ಆಗುವುದೇನು?

ಲೆಕ್ಕ ಸರಳ, ವಿದ್ಯಾರ್ಥಿಗಳು ಕುಳಿತಲ್ಲೇ ಮಾಡಬಹುದು. ಜೀಪು ಲೀಟರಿಗೆ 10 ಕಿ.ಮೀ., ಕಾರು 20 ಕಿ.ಮೀ. ಓಡುತ್ತವೆಂದುಕೊಳ್ಳೋಣ. ಈಗ ಅಣ್ಣನಿಗೆ ದಿನಕ್ಕೆ 4 ಲೀಟರ್, ತಮ್ಮನಿಗೆ ಕಾಲು ಲೀಟರ್, ಒಟ್ಟು ನಾಲ್ಕೂಕಾಲು. ಅದಲುಬದಲಾದ ಮೇಲೆ ಅಣ್ಣನಿಗೆ 2 ಲೀಟರ್, ತಮ್ಮನಿಗೆ ಅರ್ಧ ಲೀಟರ್, ಒಟ್ಟು ಎರಡೂವರೆ. ದಿನಕ್ಕೆ ಒಂದೂಮುಕ್ಕಾಲು ಲೀಟರಿನಂತೆ ವರ್ಷದ 300 ದಿನಕ್ಕೆ 525 ಲೀಟರ್ ಉಳಿತಾಯ. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಹಾಗಾಗಿ ವರ್ಷಕ್ಕೆ ಸುಮಾರು 1,400 ಕಿಲೋಗ್ರಾಂ ಕಡಿಮೆಯಾದಂತೆ. ಯಾರೂ ಒಂದು ಹೆಜ್ಜೆಯ ಪ್ರಯಾಣವನ್ನೂ ಬಿಟ್ಟಿಲ್ಲ. ಹೆಚ್ಚು ದೂರ ಓಡುವವನ ಕೈಗೆ ಕಡಿಮೆ ಇಂಧನ ಕುಡಿಯುವ ವಾಹನ ಬಂದಿದೆ, ಅಷ್ಟೆ. ಎರಡು ಹೊಸ ವಾಹನಗಳಿಗೆ ಬೇಕಾಗುತ್ತಿದ್ದ ಉಕ್ಕು, ರಬ್ಬರು, ಬಣ್ಣ, ವಿದ್ಯುತ್ತು ಉಳಿದದ್ದು ಇದರ ಮೇಲಿನ ಲಾಭ.

ನೆಲದ ಗುಣವೂ ಇದನ್ನೇ ಹೇಳುತ್ತದೆ. ಕೊಪ್ಪಳದ ಸೀಮೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿ.ಮೀ.; ಶಿರಸಿಯಲ್ಲಿ ಅದು 2,000 ಮಿ.ಮೀ. ಮೀರುತ್ತದೆ. ಎರೆ ಹೊಲದ ದಾರಿ ಹಸಿಯಾದಾಗ ಅಣ್ಣನಿಗೂ ಜೀಪು ಬೇಕೆನಿಸುವುದು ನಿಜ. ಆದರೆ ಅಂತಹ ದಿನಗಳು ವರ್ಷದಲ್ಲಿ ಎಷ್ಟು? ಕೆಲವೇ ದಿನಗಳ ಅಗತ್ಯಕ್ಕಾಗಿ ವರ್ಷವಿಡೀ ಭಾರದ ವಾಹನವನ್ನು ಬಯಲಲ್ಲಿ ಓಡಿಸುವುದು ಸಾಸಿವೆ ಒಯ್ಯಲು ಬಂಡಿ ಕಟ್ಟಿದಂತೆ.

ಇಲ್ಲಿಯವರೆಗೆ ಎಲ್ಲವೂ ಅದಲುಬದಲಿನ ಪರವಾಗಿಯೇ ಇದೆ. ತೊಡಕು ಇರುವುದು ಮುಂದಿನ ಹೆಜ್ಜೆಯಲ್ಲಿ. ಅಣ್ಣತಮ್ಮಂದಿರ ನಡುವೆ ಕಾಗದವೇಕೆ, ಕೀಲಿ ಕೊಟ್ಟರಾಯಿತಲ್ಲ ಎಂಬ ಮಾತು ಪ್ರತಿ ಮನೆಯಲ್ಲೂ ಕೇಳಿಬರುತ್ತದೆ. ಆ ಮಾತಿನ ಬೆಲೆ ಎಷ್ಟೆಂಬುದನ್ನು ತಾವರಗೇರಾದವರಿಗೆ ಪರಿಚಿತವಾದ ರಸ್ತೆಯೇ ಹೇಳುತ್ತದೆ. ಆಗ ರಾಷ್ಟ್ರೀಯ ಹೆದ್ದಾರಿ 13 ಎನಿಸಿದ್ದ, ಈಗ 50 ಎಂಬ ಸಂಖ್ಯೆ ಪಡೆದಿರುವ ಇಳಕಲ್–ಕುಷ್ಟಗಿ ಹೆದ್ದಾರಿಯಲ್ಲಿ ಒಬ್ಬಾತ ಬೇರೊಬ್ಬರಿಂದ ಕೇಳಿ ಪಡೆದ ಮೋಟಾರ್ ಸೈಕಲ್ಲಿನಲ್ಲಿ ತನ್ನ ಊರಿಗೆ ಹೊರಟಿದ್ದ. ಮುಂದೆ ಕಬ್ಬಿಣದ ತಗಡು ಹೇರಿಕೊಂಡು ಸಾಗುತ್ತಿದ್ದ ಎತ್ತಿನ ಬಂಡಿ ಹಠಾತ್ತನೆ ನಿಂತಿತು. ಬಂಡಿಗೆ ಬಡಿದು ಗಾಯಗೊಂಡ ಆತ ಇಳಕಲ್ಲಿನ ಆಸ್ಪತ್ರೆಯ ದಾರಿಯಲ್ಲೇ ಅಸುನೀಗಿದ. ಅವನ ಮನೆಯವರು ವಿಮಾ ಪರಿಹಾರಕ್ಕಾಗಿ ನಡೆಸಿದ ಹೋರಾಟ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2009ರಲ್ಲಿ ನ್ಯಾಯಾಲಯ ಹೇಳಿದ್ದಿಷ್ಟು: ವಾಹನವನ್ನು ಎರವಲು ಪಡೆದು ಓಡಿಸುವವನು ಮಾಲೀಕನ ಸ್ಥಾನದಲ್ಲೇ ನಿಲ್ಲುತ್ತಾನೆ, ಪರಿಹಾರ ಕೊಡಬೇಕಾದವನೂ ಬೇಡುವವನೂ ಒಬ್ಬನೇ ಆಗಲಾರನು, ಆದ್ದರಿಂದ ತಪ್ಪು ಯಾರದೆಂದು ಸಾಧಿಸದೆಯೇ ಪರಿಹಾರ ಕೇಳಲು ಅವಕಾಶವಿದ್ದ ಅಂದಿನ ಕಲಂ 163ಎ ಅಡಿಯಲ್ಲಿ ಈ ಬೇಡಿಕೆ ನಿಲ್ಲದು. ಬೇರೆ ಆಧಾರದ ಮೇಲೆ ಪರಿಹಾರ ದೊರೆಯಬಹುದೇ ಎಂಬುದನ್ನು ನೋಡಲು ಪ್ರಕರಣ ಮತ್ತೆ ಹೈಕೋರ್ಟಿಗೆ ಮರಳಿತು. ಆ ಕಲಂ ಈಗಿನ ಕಾಯಿದೆಯಲ್ಲಿಲ್ಲ. ಆದರೆ ವಿಶ್ವಾಸದ ಮೇಲೆ ಪಡೆದ ವಾಹನದಲ್ಲಿ ಸತ್ತವನ ಮನೆಯವರು ಕೋರ್ಟಿನಿಂದ ಕೋರ್ಟಿಗೆ ಅಲೆದ ಸಂಗತಿಯ ಪಾಠ ಉಳಿದಿದೆ.

ವಾಹನ ಕೊಟ್ಟವನ ಕಷ್ಟ ಇನ್ನೊಂದು ಬಗೆಯದು. ಉತ್ತರ ಭಾರತದ ಪ್ರಕರಣವೊಂದರಲ್ಲಿ 2007ರಿಂದ ಕೈಯಿಂದ ಕೈಗೆ ಮಾರಾಟವಾಗುತ್ತ ಹೋದ, ವಿಮೆಯೂ ಇಲ್ಲದ ವಾಹನವೊಂದು 2009ರಲ್ಲಿ ಒಂದು ಮಗುವಿನ ಸಾವಿಗೆ ಕಾರಣವಾಯಿತು. ನೋಂದಣಿ ಪುಸ್ತಕದಲ್ಲಿ ಮಾತ್ರ ಮೊದಲನೆಯವನ ಹೆಸರೇ ಉಳಿದಿತ್ತು. ಅಪಘಾತದ ದಿನ ನೋಂದಣಿಯಲ್ಲಿ ಯಾರ ಹೆಸರಿದೆಯೋ ಅವನೇ ಮಾಲೀಕ, ಪರಿಹಾರದ ಹೊಣೆಯೂ ಅವನದೇ ಎಂದು ಸುಪ್ರೀಂ ಕೋರ್ಟು 2018ರ ಫೆಬ್ರವರಿಯಲ್ಲಿ ತೀರ್ಪಿತ್ತಿತು. ತಾವರಗೇರಾದ ಅಣ್ಣ ತನ್ನ ಅಂಗಡಿಯಲ್ಲಿ ಕುಳಿತಿರುವಾಗಲೇ ಶಿರಸಿಯ ತಿರುವಿನಲ್ಲಿ ಉರುಳಿದ ಜೀಪಿಗೆ ಅವನ ಹೊಲ ಮನೆಗಳು ಉತ್ತರ ಹೇಳಬೇಕಾದೀತು.

ಆದ್ದರಿಂದ ಬದಲಾಯಿಸಿಕೊಳ್ಳಬೇಕೋ ಬೇಡವೋ ಎಂಬ ಪ್ರಶ್ನೆಗೆ ಉತ್ತರ ಹೀಗಿರಬೇಕು: ಬದಲಾಯಿಸುವುದಾದರೆ ಪೂರ್ತಿ ಬದಲಾಯಿಸಬೇಕು, ಅರ್ಧಕ್ಕೆ ನಿಲ್ಲಿಸಬಾರದು. ಕೊಪ್ಪಳದ ಕೆಎ 37, ಶಿರಸಿಯ ಕೆಎ 31 ಎರಡೂ ಒಂದೇ ರಾಜ್ಯದ ನೋಂದಣಿಗಳು. ಹೊಸ ಸಂಖ್ಯೆಯ ಅಗತ್ಯವಿಲ್ಲ. ಮೋಟಾರು ವಾಹನ ಕಾಯಿದೆಯ ಕಲಂ 50ರ ಪ್ರಕಾರ ರಾಜ್ಯದೊಳಗಿನ ವರ್ಗಾವಣೆಯನ್ನು ಕೊಡುವವನು 14 ದಿನಗಳೊಳಗೆ, ಪಡೆಯುವವನು 30 ದಿನಗಳೊಳಗೆ ಸಾರಿಗೆ ಕಚೇರಿಗೆ ತಿಳಿಸಬೇಕು. ನಮೂನೆ 29 ಮತ್ತು 30 ಇದಕ್ಕೆಂದೇ ಇವೆ. ಇಲ್ಲಿ ಎರಡು ವಾಹನಗಳಿರುವುದರಿಂದ ಇಬ್ಬರೂ ಕೊಡುವವರೂ ಹೌದು, ಪಡೆಯುವವರೂ ಹೌದು; ಅರ್ಜಿಗಳು ಎರಡು ಜೊತೆ ಬೇಕು. ಯಾವುದಾದರೊಂದರ ಮೇಲೆ ಸಾಲವಿದ್ದರೆ ಸಾಲ ಕೊಟ್ಟ ಬ್ಯಾಂಕಿನ ಒಪ್ಪಿಗೆಯಿಲ್ಲದೆ ಮುಂದುವರಿಯಲಾಗದು. ವಿಮಾ ಪತ್ರವನ್ನು ಹೊಸ ಹೆಸರಿಗೆ ಮಾಡಿಸಲು 14 ದಿನಗಳೊಳಗೆ ಅರ್ಜಿ ಕೊಡಬೇಕು. ಮಾಲೀಕನೇ ಚಾಲಕನಾಗಿದ್ದಾಗ ದೊರೆಯುವ 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ವಿಮೆಯನ್ನು ಪಡೆದವನು ತನ್ನ ಹೆಸರಿನಲ್ಲಿ ಬೇರೆಯಾಗಿ ಮಾಡಿಸಿಕೊಳ್ಳುವುದು ಲೇಸು. ಕೆಲವು ದಿನ ಓಡಿಸಿ ನೋಡೋಣವೆಂದು ಕೀಲಿ ಬದಲಿಸಿಕೊಂಡವರು ಆ ದಿನಗಳಲ್ಲಿ ತಾವೂ ಇಳಕಲ್ ಹೆದ್ದಾರಿಯ ಆ ಸವಾರನಂತೆ ಎರವಲುಗಾರರೇ ಎಂಬುದನ್ನು ಮರೆಯಬಾರದು.

ಕಾಗದದಷ್ಟೇ ಮುಖ್ಯವಾದುದು ಮನಸ್ಸಿನ ಲೆಕ್ಕ. ಎರಡು ವಾಹನಗಳ ಬೆಲೆ ಎಂದೂ ಸಮನಾಗಿರದು. ಇಬ್ಬರಿಗೂ ಪರಿಚಯವಿರುವ ಗ್ಯಾರೇಜಿನವರಿಂದ ಎರಡನ್ನೂ ತೋರಿಸಿ, ಸವೆದ ಟೈರು, ಸೋರುವ ಎಣ್ಣೆ, ಹಳೆಯ ಬ್ಯಾಟರಿ ಎಲ್ಲವನ್ನೂ ಬರೆದಿಟ್ಟು, ವ್ಯತ್ಯಾಸದ ಹಣವನ್ನು ಅಂದೇ ತೀರಿಸಿಕೊಳ್ಳಬೇಕು. ಖಾಸಗಿ ವಾಹನದ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ 5 ವರ್ಷಕ್ಕೊಮ್ಮೆ ನವೀಕರಿಸಬೇಕು. 14ನೇ ವರ್ಷದ ಜೀಪನ್ನು ಕೊಡುವ ಅಣ್ಣ ಆ ಮಾತನ್ನು ಮೊದಲೇ ಹೇಳಬೇಕು. ಹಿರಿಯನೆಂದು ಅಣ್ಣನೂ, ಸಂಬಳದವನೆಂದು ತಮ್ಮನೂ ಒಬ್ಬರಿಗೊಬ್ಬರು ಬಾಯಿಬಿಟ್ಟು ಕೇಳದೆ ಉಳಿದ ಹತ್ತು ಸಾವಿರ ರೂಪಾಯಿ ಹತ್ತು ವರ್ಷದ ಹಬ್ಬಗಳನ್ನು ಕೆಡಿಸಬಲ್ಲದು.

ಇನ್ನು ಗುಡ್ಡದ ಪರವಾಗಿ ಒಂದು ಮಾತು. ಜೀಪು ಬಂತೆಂದು ತಮ್ಮನೂ ಅವನ ಸ್ನೇಹಿತರೂ ಭಾನುವಾರ ಹುಲ್ಲುಗಾವಲಿನ ನೆತ್ತಿ ಏರಲು ಹೊರಟರೆ ಉಳಿಸಿದ ಡೀಸೆಲ್ಲಿಗೆ ಅರ್ಥವಿಲ್ಲ. ಚಕ್ರ ಕೊರೆದ ಗೀರು ಒಂದೇ ಮಳೆಗಾಲದಲ್ಲಿ ಕೊರಕಲಾಗಿ ಮೇಲ್ಮಣ್ಣನ್ನು ಹಳ್ಳಕ್ಕೆ ಒಯ್ಯುತ್ತದೆ. ಶಾಲೆಯ ಏರಿಗೆಂದು ಬಂದ ಬಲ ಶಾಲೆಯ ಏರಿಗೇ ಮೀಸಲಾಗಿರಲಿ. ಬಸ್ಸು ಹೋಗುವ ದಾರಿಯಲ್ಲಿ ಎರಡೂ ವಾಹನಗಳು ಅಂಗಳದಲ್ಲೇ ನಿಲ್ಲುವುದು ಎಲ್ಲಕ್ಕಿಂತ ಉತ್ತಮ.

ಕೂಡಿ ಎತ್ತು ಕಟ್ಟುತ್ತಿದ್ದ ಹಿರಿಯರು ಯಾರ ಹೊಲಕ್ಕೆ ಎಷ್ಟು ದಿನ, ಮೇವು ಯಾರದು, ಎತ್ತು ಕುಂಟಿದರೆ ನಷ್ಟ ಯಾರದು ಎಂದು ಬಿತ್ತನೆಗೆ ಮೊದಲೇ ಮಾತಾಡಿಕೊಳ್ಳುತ್ತಿದ್ದರು. ಅವರ ಸ್ನೇಹ ಉಳಿದದ್ದು ಆ ಮಾತುಗಳಿಂದ. ಇಂದಿನ ಒಡಹುಟ್ಟಿದವರು ಅದೇ ಮಾತನ್ನು ಸಾರಿಗೆ ಕಚೇರಿಯ ಎರಡು ನಮೂನೆಗಳಲ್ಲಿ ಬರೆಯಬೇಕಾಗಿದೆ. ಹೊಸ ವಾಹನಕ್ಕೆ ಸಾಲದ ಅರ್ಜಿ ತುಂಬುವ ಮೊದಲು ಒಮ್ಮೆ ಅಣ್ಣನ ಅಂಗಳವನ್ನೂ ತಂಗಿಯ ಅಂಗಳವನ್ನೂ ನೋಡಿ ಬರುವುದು ಒಳ್ಳೆಯದು. ಅಲ್ಲಿ ತಕ್ಕ ವಾಹನ ಕಂಡರೆ ಕೀಲಿ ಪಡೆಯುವ ದಿನವೇ ಕಾಗದಕ್ಕೂ ಸಹಿ ಬೀಳಲಿ.