ಎತ್ತಿದ ಕಸ ಎಲ್ಲಿಗೆ ಹೋಯ್ತು?

ಮಳೆ ನಿಂತು ಸಕಲೇಶಪುರದ ಗುಡ್ಡಗಳು ಹಸಿರಾಗಿ ಹೊಳೆಯೋ ಹೊತ್ತಿಗೆ, ಪ್ರತಿ ವರ್ಷ ಆಫೀಸಿನಲ್ಲಿ ಒಂದು ಆಹ್ವಾನ ಬರುತ್ತದೆ. ಶನಿವಾರ ಬೆಳಗಿನ ಜಾವ ಬೆಂಗಳೂರಿನಿಂದ ಬಸ್ಸು, ದಾರಿಯಲ್ಲಿ ತಿಂಡಿ, ಆಮೇಲೆ ಗುಡ್ಡ ಹತ್ತಿ ಕಸ ಎತ್ತೋದು. ಟೀ ಶರ್ಟು, ಕ್ಯಾಪು, ಕೈಗವಸು ಎಲ್ಲ ಉಚಿತ. ಎತ್ತಿದ ಪ್ರತಿ ಕಿಲೋ ಕಸಕ್ಕೆ ಇಷ್ಟು ರೂಪಾಯಿ ಅಂತ ಲೆಕ್ಕ ಹಾಕಿ ಒಂದು ಸೇವಾಸಂಸ್ಥೆಗೆ ದೇಣಿಗೆಯೂ ಹೋಗುತ್ತದೆ. ನಾನು ಆಲೂರು ಕಡೆಯವನು ಅಂತ ಎಲ್ಲರಿಗೂ ಗೊತ್ತು. ಹಾಗಾಗಿ "ನಿಮ್ಮೂರಿಗೇ ಬರ್ತಿದ್ದೀವಿ, ನೀನೇ ಬರಲ್ಲ ಅಂದ್ರೆ ಹೇಗೆ ಗುರು?" ಅಂತ ಕೇಳುತ್ತಾರೆ.

ನಾನು ಹೋಗಲ್ಲ. ಸೋಮಾರಿತನ ಅಂದುಕೊಂಡವರಿದ್ದಾರೆ, ಜಂಬ ಅಂದುಕೊಂಡವರೂ ಇದ್ದಾರೆ. ನನ್ನ ಕಾರಣ ಇಷ್ಟೇ. ಚೀಲ ತುಂಬಿದ ಮೇಲೆ ಅದು ಎಲ್ಲಿಗೆ ಹೋಗುತ್ತೆ ಅಂತ ಕೇಳಿದರೆ ಯಾರ ಹತ್ತಿರವೂ ಉತ್ತರ ಇರಲ್ಲ. "ಪಂಚಾಯ್ತಿಯವರು ತಗೊಂಡು ಹೋಗ್ತಾರೆ" ಅನ್ನುತ್ತಾರೆ. ಪಂಚಾಯ್ತಿಯವರು ಎಲ್ಲಿಗೆ ತಗೊಂಡು ಹೋಗ್ತಾರೆ?

ಒಂದು ಅಭಿಯಾನದ ಚೀಲಗಳಿಗೆ ಏನಾಯ್ತು ಅಂತ ನಾನೇ ನೋಡಿದ್ದೇನೆ. ಗುಡ್ಡದ ಬುಡದಲ್ಲಿ ಸಾಲಾಗಿ ಜೋಡಿಸಿ, ಹಿಂದೆ ಬ್ಯಾನರ್ ಹಿಡಿದು, ಫೋಟೋ ತೆಗೆಸಿಕೊಂಡು ಬಸ್ಸು ಹೊರಟಿತು. ಮೂರು ವಾರದ ನಂತರವೂ ಚೀಲಗಳು ಅಲ್ಲೇ ಇದ್ದವು. ನಾಯಿಗಳು ಕಿತ್ತಿದ್ದವು, ದನಗಳು ಮೂತಿ ಹಾಕಿದ್ದವು. ಅರ್ಧ ಕಸ ಮತ್ತೆ ಚರಂಡಿಗೆ ಇಳಿದಿತ್ತು, ಉಳಿದರ್ಧಕ್ಕೆ ಯಾರೋ ಬೆಂಕಿ ಇಟ್ಟಿದ್ದರು. ನಮ್ಮ ಚಿಕ್ಕಪ್ಪ ಅದನ್ನ ನೋಡಿ ಅಂದಿದ್ದು ಒಂದೇ ಮಾತು: "ಅಲ್ಲಾ ಕಣ್ಲಾ, ಗುಡ್ಡದ ಮ್ಯಾಲಿದ್ರೆ ನಮ್ ಕಣ್ಗಾದ್ರೂ ಬೀಳ್ತಿರ್ಲಿಲ್ಲ. ಇಷ್ಟ್ ಕಷ್ಟ ಬಿದ್ದು ಯಾಕ್ಲಾ ಕೆಳಿಕ್ ತಂದಿಟ್ರು?"

ಇದನ್ನ ಸ್ವಚ್ಛತೆ ಅನ್ನಲ್ಲ, ಸಾಗಾಣಿಕೆ ಅನ್ನುತ್ತಾರೆ. ಅದೂ ಅರ್ಧ ದಾರಿಯ ಸಾಗಾಣಿಕೆ.

ಈ ಅರ್ಧ ದಾರಿಯ ಅಭ್ಯಾಸ ಬೆಂಗಳೂರಿಗೆ ಹೊಸದೇನಲ್ಲ. ನಗರ ತನ್ನ ಮನೆ ಬಾಗಿಲು ಗುಡಿಸಿ ವರ್ಷಗಟ್ಟಲೆ ತಳ್ಳಿದ್ದು ಮಾವಳ್ಳಿಪುರಕ್ಕೆ, ಮಂಡೂರಿಗೆ. ಮಾವಳ್ಳಿಪುರದವರು ಸಾಕು ಅಂದಾಗ 2012ರಲ್ಲಿ ಅಲ್ಲಿ ನಿಂತಿತು. ಮಂಡೂರಿನವರು ಬೀದಿಗಿಳಿದ ಮೇಲೆ 2014ರ ಡಿಸೆಂಬರ್‌ನಲ್ಲಿ ಅಲ್ಲೂ ನಿಂತಿತು. ಆ ಊರುಗಳ ಬಾವಿ ನೀರು ಏನಾಯ್ತು ಅಂತ ಅಲ್ಲಿಯವರನ್ನೇ ಕೇಳಿ. ಪೇಟೆಯ ಕಣ್ಣಿಗೆ ಕಾಣದ ಜಾಗಕ್ಕೆ ಹೋದರೆ ಕಸ ಮುಗಿಯಿತು ಅಂತ ಲೆಕ್ಕ. ಆ ಕಾಣದ ಜಾಗದಲ್ಲಿ ಯಾರದೋ ಮನೆ ಇರುತ್ತೆ ಅನ್ನೋದು ಮಾತ್ರ ಆ ಲೆಕ್ಕದಲ್ಲಿ ಬರಲ್ಲ.

ಹಾಗಂತ ನಮ್ಮ ಹಳ್ಳಿಯವರು ಸಾಚಾ ಅಂತ ನಾನು ವಾದ ಮಾಡಲ್ಲ. ನಾನು ಚಿಕ್ಕವನಿದ್ದಾಗ ಮನೆಯಲ್ಲಿ 'ಕಸ' ಅನ್ನೋದೇ ಹೆಚ್ಚಿರಲಿಲ್ಲ. ಸಗಣಿ, ಬೂದಿ, ತರಕಾರಿ ಸಿಪ್ಪೆ ಎಲ್ಲ ತಿಪ್ಪೆಗೆ, ತಿಪ್ಪೆ ಗೊಬ್ಬರವಾಗಿ ಗದ್ದೆಗೆ. ಆಮೇಲೆ ಶಾಂಪೂ ಸ್ಯಾಶೆ ಬಂತು, ಗುಟ್ಕಾ ಬಂತು, ಟೆಟ್ರಾ ಪ್ಯಾಕಿನ ಎಣ್ಣೆ ಬಂತು. ತಿಪ್ಪೆ ಅರಗಿಸಿಕೊಳ್ಳಲಾರದ್ದನ್ನೂ ನಮ್ಮವರು ತಿಪ್ಪೆಗೇ ಎಸೆದರು. ಕಾಫಿ ತೋಟಕ್ಕೆ ಹೊಡೆದ ಕಳೆನಾಶಕದ ಡಬ್ಬಿ ಹಳ್ಳದ ದಡದಲ್ಲಿ ಬಿದ್ದಿರೋದನ್ನ ಇವತ್ತೂ ನೋಡಬಹುದು. ಹಿತ್ತಲಲ್ಲಿ ಪ್ಲಾಸ್ಟಿಕ್ ಸುಡದ ಮನೆ ನಮ್ಮೂರಲ್ಲಿ ಹುಡುಕಬೇಕು. ಎಸೆಯುವ ವಿಷಯದಲ್ಲಿ ಹಳ್ಳಿಗೂ ಪೇಟೆಗೂ ದೊಡ್ಡ ವ್ಯತ್ಯಾಸ ಇಲ್ಲ. ವ್ಯತ್ಯಾಸ ಇರೋದು ಎಸೆದದ್ದನ್ನ ಸಂಭಾಳಿಸುವ ವ್ಯವಸ್ಥೆಯಲ್ಲಿ. ಬೆಂಗಳೂರಿನಲ್ಲಿ ವಾರ್ಡ್‌ಗಳಿಗೆ ಒಣಕಸ ಸಂಗ್ರಹ ಕೇಂದ್ರಗಳಿವೆ, ಗುಜರಿ ವ್ಯಾಪಾರ ಇದೆ, ಕಸ ಆಯ್ದು ಬದುಕುವವರ ದೊಡ್ಡ ಜಾಲವೇ ಇದೆ. ಮಲೆನಾಡಿನ ಒಂದು ಪಂಚಾಯ್ತಿಗೆ ಬಹಳವೆಂದರೆ ಒಂದು ಸ್ವಚ್ಛ ವಾಹಿನಿ, ಒಂದು ಶೆಡ್ಡು, ಅದನ್ನ ನಡೆಸಲು ಸ್ವಸಹಾಯ ಸಂಘದ ನಾಲ್ಕಾರು ಹೆಂಗಸರು. ಅವರು ಸಂಭಾಳಿಸಬೇಕಾದ್ದು ಊರಿನ ಕಸ ಒಂದನ್ನೇ ಅಲ್ಲ. ವಾರಾಂತ್ಯಕ್ಕೆ ತುಂಬುವ ಹೋಮ್‌ಸ್ಟೇಗಳದ್ದು, ಮಂಜರಾಬಾದ್ ಕೋಟೆಯದ್ದು, ಬಿಸಿಲೆ ದಾರಿಯದ್ದು, ಶಿರಾಡಿ ಘಾಟಿಯ ಹೆದ್ದಾರಿಯದ್ದೂ ಸೇರುತ್ತದೆ. ಅದರ ಮೇಲೆ ನೀವು ನೂರು ಚೀಲ ಒದ್ದೆ ಕಸ, ಬೇರ್ಪಡಿಸದೆ, ಮಣ್ಣಿನ ಸಮೇತ ಸುರಿದು ಹೋಗುತ್ತೀರಿ.

ಇನ್ನು ಆ ಚೀಲದೊಳಗೆ ಏನಿರುತ್ತೆ ನೋಡೋಣ. ಒಳ್ಳೆ ಪೆಟ್ ಬಾಟಲಿಗೆ ಗುಜರಿಯಲ್ಲಿ ಬೆಲೆ ಇದೆ. ಚಿಪ್ಸ್ ಪ್ಯಾಕೆಟ್ಟಿಗೆ ಇಲ್ಲ. ಪದರ ಪದರವಾಗಿ ಪ್ಲಾಸ್ಟಿಕ್ಕು, ಲೋಹ ಅಂಟಿಸಿ ಮಾಡಿದ ಆ ಹೊದಿಕೆಯನ್ನ ಬಿಡಿಸಿ ಮರುಬಳಕೆ ಮಾಡೋದು ಯಾರಿಗೂ ಗಿಟ್ಟಲ್ಲ. ಬಹುಮಟ್ಟಿಗೆ ಅದರ ಗತಿ ಸಿಮೆಂಟ್ ಕಾರ್ಖಾನೆಯ ಕುಲುಮೆ, ಇಲ್ಲವೇ ಗುಂಡಿ. ಒಂದು ವಿಚಿತ್ರ ಗಮನಿಸಿ. 2016ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟ, ಚಮಚ, ಫ್ಲೆಕ್ಸ್, ಬ್ಯಾನರ್ ನಿಷೇಧಿಸಿತು. 2022ರ ಜುಲೈ 1ರಿಂದ ಕೇಂದ್ರ ಸರ್ಕಾರ ಸ್ಟ್ರಾ, ಕಡ್ಡಿ, ಚಮಚದಂಥವನ್ನು ನಿಷೇಧಿಸಿತು. ಗುಡ್ಡದ ಮೇಲೆ ನೀವು ಅತಿ ಹೆಚ್ಚು ಎತ್ತುವ ನೀರಿನ ಬಾಟಲಿ, ಚಿಪ್ಸ್ ಪ್ಯಾಕೆಟ್ಟು ಎರಡು ಪಟ್ಟಿಯಲ್ಲೂ ಇಲ್ಲ. ರಾಜ್ಯದ ಪಟ್ಟಿಯಲ್ಲಿ ಇರೋದು ನೀವು ಫೋಟೋಗೆ ಹಿಡಿದ ಫ್ಲೆಕ್ಸ್ ಬ್ಯಾನರ್ರು!

ಪಟ್ಟಿಯಲ್ಲಿ ಇಲ್ಲದ ಈ ವಸ್ತುಗಳಿಗೆ ಕಾನೂನಿನಲ್ಲಿ ವಾರಸುದಾರರೇ ಇಲ್ಲವಾ? ಇದ್ದಾರೆ. 2016ರ ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ, ಪ್ಯಾಕೆಟ್ಟಿನಲ್ಲಿ ಮಾಲು ತುಂಬಿ ಮಾರಿದ ಬ್ರ್ಯಾಂಡಿನ ಮಾಲೀಕರಿಗೇ ಅದರ ತ್ಯಾಜ್ಯದ ಹೊಣೆ ಇದೆ. 2022ರಲ್ಲಿ ಇದಕ್ಕೆ ಗುರಿ, ಲೆಕ್ಕ, ಪ್ರಮಾಣಪತ್ರ ಎಲ್ಲ ಬಂತು. ಆದರೆ ಆ ಲೆಕ್ಕ ತೂಕದ್ದು, ಜಾಗದ್ದಲ್ಲ. ಯಾವುದೋ ಊರಲ್ಲಿ ಇಷ್ಟು ಟನ್ ಪ್ಲಾಸ್ಟಿಕ್ ಸಂಸ್ಕರಣೆ ಆಯ್ತು ಅನ್ನೋ ಪ್ರಮಾಣಪತ್ರ ಕೊಂಡರೆ ಕಂಪನಿಯ ಕೆಲಸ ಮುಗಿಯಿತು. ನಮ್ಮ ಗುಡ್ಡದಲ್ಲಿ ಬಿದ್ದ ಪ್ಯಾಕೆಟ್ಟನ್ನು ಹುಡುಕಿಕೊಂಡು ಅವರು ಬರಬೇಕಾಗಿಲ್ಲ. ಅವರ ಬದಲು ನೀವು ಬರುತ್ತೀರಿ. ಬಿಟ್ಟಿಯಾಗಿ. ಸಂಬಳದ ಲೆಕ್ಕದಲ್ಲಿ ನಿಮ್ಮ ಒಂದು ಶನಿವಾರದ ಬೆಲೆ ಎಷ್ಟು ಅಂತ ನಿಮಗೇ ಗೊತ್ತು. ಅಷ್ಟನ್ನೂ ನೀವು ದಾನ ಮಾಡುತ್ತಿರೋದು ಚಿಪ್ಸ್ ಕಂಪನಿಗೆ.

ಸಾಫ್ಟ್‌ವೇರ್‌ನವರಿಗೆ ಇದನ್ನ ಬಿಡಿಸಿ ಹೇಳಬೇಕಾ? ಪ್ರತಿ ವಾರ ಅದೇ ಬಗ್, ಪ್ರತಿ ವಾರ ಅದೇ ಟಿಕೆಟ್, ಪ್ರತಿ ವಾರ ಕೈಯಲ್ಲೇ ಡೇಟಾ ಸರಿಮಾಡಿ ಟಿಕೆಟ್ ಮುಚ್ಚುವವನನ್ನ ನಾವು ಒಳ್ಳೆ ಎಂಜಿನಿಯರ್ ಅನ್ನುತ್ತೇವಾ? ರೂಟ್ ಕಾಸ್ ಎಲ್ಲಿ ಅಂತ ಮ್ಯಾನೇಜರ್ ಜೀವ ತಿನ್ನುತ್ತಾನೆ. ಶನಿವಾರ ಗುಡ್ಡ ಹತ್ತಿದ ಕೂಡಲೇ ಆ ಬುದ್ಧಿಯನ್ನ ಬಸ್ಸಿನಲ್ಲೇ ಬಿಟ್ಟು ಇಳಿಯಬೇಕಾ?

"ಏನೂ ಮಾಡದೆ ಕೂರೋದಕ್ಕಿಂತ ಇದು ವಾಸಿ ಅಲ್ವಾ" ಅನ್ನೋರಿದ್ದಾರೆ. ವಾಸಿ ಇರಬಹುದು, ಆದರೆ ಆ ವಾಸಿಯೇ ಮಾಡಬೇಕಾದ್ದನ್ನ ಮರೆಸುತ್ತೆ. ಎರಡು ಚೀಲ ತುಂಬಿಸಿದವನಿಗೆ ತನ್ನ ಪಾಲು ಸಂದಾಯವಾಯ್ತು ಅನಿಸುತ್ತೆ. ಅದೇ ಸಂಜೆ ಹೋಮ್‌ಸ್ಟೇಯಲ್ಲಿ ಅವನ ಮುಂದೆ ಅರ್ಧ ಲೀಟರಿನ ನಾಲ್ಕು ಬಾಟಲಿ ಬಂದು ಕೂತರೆ ಅವನಿಗೇನೂ ಅನಿಸಲ್ಲ. "ಜಾಗೃತಿ ಮೂಡುತ್ತೆ" ಅನ್ನೋರೂ ಇದ್ದಾರೆ. ಸ್ವಚ್ಛ ಭಾರತ ಶುರುವಾಗಿದ್ದು 2014ರ ಅಕ್ಟೋಬರ್ 2ಕ್ಕೆ. ಕಸ ಎಸೆಯಬಾರದು ಅಂತ ಗೊತ್ತಿಲ್ಲದವರು ಈಗ ಯಾರೂ ಉಳಿದಿಲ್ಲ ಸ್ವಾಮಿ. ಗೊತ್ತಿದ್ದೇ ಎಸೆಯುತ್ತಾರೆ, ಯಾಕೆಂದರೆ ಎಸೆಯೋದು ಸುಲಭ, ಎಸೆದರೆ ನಷ್ಟ ಇಲ್ಲ.

ಸ್ವಯಂಸೇವೆಯೇ ಬೇಡ ಅಂತ ನಾನು ಹೇಳುತ್ತಿಲ್ಲ. ಬೆಂಗಳೂರಿನಲ್ಲೇ 2010ರಿಂದ 'ದಿ ಅಗ್ಲಿ ಇಂಡಿಯನ್' ಅನ್ನೋ ಗುಂಪು ಕೆಲಸ ಮಾಡುತ್ತಾ ಬಂದಿದೆ. ಹೆಸರು ಹೇಳಿಕೊಳ್ಳಲ್ಲ, ಮುಖ ತೋರಿಸಲ್ಲ. ಅವರು ಬೀದಿ ಮೂಲೆಯ ಕಸ ಎತ್ತಿ ಸುಮ್ಮನಾಗಲ್ಲ. ಆ ಮೂಲೆಗೇ ಕಸ ಯಾಕೆ ಬೀಳುತ್ತೆ ಅಂತ ನೋಡಿ, ಗೋಡೆಗೆ ಬಣ್ಣ ಹೊಡೆದು, ಕುಂಡ ಇಟ್ಟು, ಮತ್ತೆ ಬೀಳದ ಹಾಗೆ ಮಾಡಲು ನೋಡುತ್ತಾರೆ. ಮತ್ತೆ ಬೀಳದ ಹಾಗೆ ಮಾಡೋದು ಬೇರೆ, ಮತ್ತೆ ಮತ್ತೆ ಎತ್ತೋದು ಬೇರೆ.

ಎಸೆಯೋದರಲ್ಲಿ ನಷ್ಟ ಇರೋ ಹಾಗೆ ಮಾಡಿದರೆ ಏನಾಗುತ್ತೆ ಅಂತ ನೋಡೋಕೆ ಜರ್ಮನಿಗೆ ಹೋಗಬೇಕಾಗಿಲ್ಲ, ಪಕ್ಕದ ನೀಲಗಿರಿಗೆ ಹೋದರೆ ಸಾಕು. ಒಡೆದ ಮದ್ಯದ ಬಾಟಲಿ ಆನೆ, ಕಾಡುಪ್ರಾಣಿಗಳ ಕಾಲು ಸೀಳುತ್ತಿದ್ದ ವಿಷಯ ಮದ್ರಾಸ್ ಹೈಕೋರ್ಟಿನ ಮುಂದೆ ಬಂತು. 2022ರ ಮೇ ತಿಂಗಳಿಂದ ನೀಲಗಿರಿಯ ಸರ್ಕಾರಿ ಮದ್ಯದಂಗಡಿಗಳಲ್ಲಿ ಪ್ರತಿ ಬಾಟಲಿಗೆ 10 ರೂಪಾಯಿ ಹೆಚ್ಚು ಹಿಡಿದುಕೊಂಡು, ಖಾಲಿ ಬಾಟಲಿ ತಂದುಕೊಟ್ಟರೆ ವಾಪಸ್ ಕೊಡಲು ಶುರುಮಾಡಿದರು. ಬಹುಪಾಲು ಬಾಟಲಿಗಳು ಅಂಗಡಿಗೆ ವಾಪಸ್ ಬಂದವು. ಯಾರೂ ಭಾಷಣ ಮಾಡಲಿಲ್ಲ, ಟೀ ಶರ್ಟ್ ಹಂಚಲಿಲ್ಲ. ಕುಡಿದವನೇ ತಂದುಕೊಟ್ಟ, ಅವನು ಬಿಟ್ಟಿದ್ದನ್ನ ಇನ್ನೊಬ್ಬ ಎತ್ತಿ ತಂದುಕೊಟ್ಟ. ಯೋಜನೆಯನ್ನ ಆಮೇಲೆ ತಮಿಳುನಾಡಿನ ಬೇರೆ ಜಿಲ್ಲೆಗಳಿಗೂ ವಿಸ್ತರಿಸಿದರು.

ಇದು ನಮಗೂ ಹೊಸದಲ್ಲ. 90ರ ದಶಕದಲ್ಲಿ ನಮ್ಮೂರ ಅಂಗಡಿಯಲ್ಲಿ ಗಾಜಿನ ಬಾಟಲಿಯ ಸೋಡಾ ಮನೆಗೆ ತಗೊಂಡು ಹೋಗಬೇಕಾದರೆ ಬಾಟಲಿ ದುಡ್ಡು ಇಟ್ಟು ಹೋಗಬೇಕಿತ್ತು. ಆ ದುಡ್ಡಿಗಾಗಿ ನಾವು ಹುಡುಗರು ಖಾಲಿ ಬಾಟಲಿಯನ್ನ ಓಡಿ ಓಡಿ ಕೊಡುತ್ತಿದ್ದೆವು. ಒಂದು ಸೋಡಾ ಬಾಟಲಿ ಗದ್ದೆ ಬದುವಿನಲ್ಲಿ ಬಿದ್ದಿದ್ದು ನನಗೆ ನೆನಪಿಲ್ಲ.

ಆನೆಗಳು ನೀಲಗಿರಿಯಲ್ಲಿ ಮಾತ್ರ ಇಲ್ಲ. ಆಲೂರು, ಸಕಲೇಶಪುರದ ತೋಟಗಳಲ್ಲಿ ಅವು ದಿನಾ ಓಡಾಡುತ್ತವೆ. ಕರ್ನಾಟಕದಲ್ಲಿ ಮದ್ಯದ ಸಗಟು ಮಾರಾಟ ಪೂರ್ತಿ ಒಂದೇ ಸರ್ಕಾರಿ ಸಂಸ್ಥೆಯ ಕೈಯಲ್ಲಿದೆ, ಅದು ಕರ್ನಾಟಕ ರಾಜ್ಯ ಪಾನೀಯ ನಿಗಮ. ಎಲ್ಲ ಬಾಟಲಿಯೂ ಹಾದುಹೋಗುವ ಒಂದೇ ಬಾಗಿಲು ಇದ್ದಮೇಲೆ ಅಲ್ಲಿ 10 ರೂಪಾಯಿ ಸೇರಿಸೋದು ಅಂಥ ಕಷ್ಟದ ಕೆಲಸವಾ? ಮಲೆನಾಡಿನ ತಾಲ್ಲೂಕುಗಳಿಂದ ಶುರುಮಾಡಿ, ಆಮೇಲೆ ನೀರಿನ ಬಾಟಲಿಗೂ ಅದನ್ನೇ ತನ್ನಿ ಅಂತ ಕೇಳೋದು ಅತಿಯಾಸೆಯಾ?

ಇದು ಹಳ್ಳಿಯವರ ಗೋಳು, ನಮಗೇನು ಅಂದುಕೊಳ್ಳಬೇಡಿ. ನಮ್ಮ ಗುಡ್ಡದ ಸಾಲಿನ ಪಡುವಲಿಗೆ ಬಿದ್ದ ಮಳೆ ಕೆಂಪುಹೊಳೆ, ಕುಮಾರಧಾರಾ ಸೇರಿ ನೇತ್ರಾವತಿಯಾಗಿ ಮಂಗಳೂರಿನ ಕಡಲಿಗೆ ಹೋಗುತ್ತೆ. ಮೂಡಲಿಗೆ ಬಿದ್ದದ್ದು ಹೇಮಾವತಿಗೆ, ಗೊರೂರಿನ ಅಣೆಕಟ್ಟೆಗೆ, ಅಲ್ಲಿಂದ ಕೆಆರ್‌ಎಸ್ ಹಿನ್ನೀರಿಗೆ, ಕಾವೇರಿಗೆ. ಆ ಕಾವೇರಿಯನ್ನೇ ಸುಮಾರು 100 ಕಿಲೋಮೀಟರ್ ಪಂಪ್ ಮಾಡಿ ನಿಮ್ಮ ಅಪಾರ್ಟ್‌ಮೆಂಟಿನ ಸಂಪಿಗೆ ತುಂಬಿಸೋದು. ಬಾಟಲಿಯನ್ನ ಅಣೆಕಟ್ಟೆ ತಡೆಯಬಹುದು. ಬಿಸಿಲಿಗೆ ಪುಡಿಪುಡಿಯಾದ ಪ್ಲಾಸ್ಟಿಕ್ಕನ್ನ ಯಾವ ಅಣೆಕಟ್ಟೆ ತಡೆಯುತ್ತೆ?

ಇಷ್ಟೆಲ್ಲ ಕೇಳಿದ ಮೇಲೂ ಬಂದೇ ಬರುತ್ತೀವಿ ಅನ್ನೋರಿಗೆ ಸ್ವಾಗತ. ಆದರೆ ಬಂದ ಬಸ್ಸಿನ ಡಿಕ್ಕಿ ಖಾಲಿ ಇಟ್ಟುಕೊಂಡು ಬನ್ನಿ. ಎತ್ತಿದ ಒಣಕಸವನ್ನ ಅಲ್ಲೇ ಬೇರ್ಪಡಿಸಿ, ಬೆಂಗಳೂರಿಗೇ ತಗೊಂಡು ಹೋಗಿ, ನಿಮ್ಮ ವಾರ್ಡಿನ ಕೇಂದ್ರಕ್ಕೆ ಕೊಡಿ. ಬಹುಪಾಲು ಬಂದಿದ್ದು ಆ ಕಡೆಯಿಂದಲೇ. ಎಷ್ಟು ಕಿಲೋ ಅಂತ ತೂಗೋದರ ಜೊತೆಗೆ ಯಾವ ಬ್ರ್ಯಾಂಡಿನದ್ದು ಎಷ್ಟು ಅಂತ ಎಣಿಸಿ, ಆ ಪಟ್ಟಿಯನ್ನ ಮಾಲಿನ್ಯ ನಿಯಂತ್ರಣ ಮಂಡಳಿಗೂ ಆ ಕಂಪನಿಗಳಿಗೂ ಕಳಿಸಿ. ಸ್ಪ್ರೆಡ್‌ಶೀಟ್ ಮಾಡೋದು ನಮಗೆ ಬರದ ವಿದ್ಯೆಯೇನಲ್ಲ. ನೀರಿನ ಕ್ಯಾನ್ ಇಡದೆ ಪುಟ್ಟ ಬಾಟಲಿ ಹಂಚುವ ಹೋಮ್‌ಸ್ಟೇಗೆ ಬುಕ್ ಮಾಡಬೇಡಿ, ಯಾಕೆ ಮಾಡಲಿಲ್ಲ ಅಂತ ರಿವ್ಯೂನಲ್ಲಿ ಬರೆಯಿರಿ.

ಇನ್ನು ಕಂಪನಿಯ ದುಡ್ಡು. 2013ರ ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ. 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು. ಅದರಲ್ಲಿ ಟೀ ಶರ್ಟು, ಬಸ್ಸು, ಡ್ರೋನ್ ವಿಡಿಯೋಗೆ ಸುರಿಯೋ ಬದಲು ಒಂದು ಪಂಚಾಯ್ತಿಯ ಕಸದ ಘಟಕಕ್ಕೆ ಮೂರು ವರ್ಷ ಕೊಡಿ. ಗಾಡಿ ಓಡಿಸುವ ಹೆಂಗಸಿಗೆ ತಿಂಗಳು ತಿಂಗಳು ಸಂಬಳ, ಕೈಗೆ ಗ್ಲೌಸು, ಮಳೆಗಾಲಕ್ಕೆ ಒಂದು ಗಟ್ಟಿ ಶೆಡ್ಡು. 2022ರ ಜುಲೈನಲ್ಲಿ ಕೆಲಸ ಕಾಯಂ ಮಾಡಿ ಅಂತ ರಾಜ್ಯದ ಪೌರಕಾರ್ಮಿಕರು ಪೊರಕೆ ಕೆಳಗಿಟ್ಟು ಕೂತಾಗ ನಮ್ಮ ಆಫೀಸುಗಳಿಂದ ಎಷ್ಟು ಜನ ಅವರ ಪಕ್ಕ ಹೋಗಿ ನಿಂತೆವು? ವರ್ಷಕ್ಕೊಂದು ಶನಿವಾರ ಕಸ ಮುಟ್ಟಿದ್ದಕ್ಕೆ ನಮಗೆ ಪ್ರಮಾಣಪತ್ರ ಬೇಕು. ವರ್ಷವಿಡೀ ಮುಟ್ಟುವವರಿಗೆ ಸಂಬಳದ ಚೀಟಿ ಸರಿಯಾಗಿ ಸಿಕ್ಕರೆ ಸಾಕು.

ಉಳಿದದ್ದು ಆ 10 ರೂಪಾಯಿ. ಅದನ್ನ ನಮ್ಮ ಪಂಚಾಯ್ತಿ ತರಲಾರದು, ಚಿಕ್ಕಪ್ಪನೂ ತರಲಾರರು. ಸರ್ಕಾರ ಆದೇಶ ಹೊರಡಿಸಬೇಕು, ಅದಕ್ಕೆ ಓದಿದವರು, ಕೇಳಿದರೆ ಕಿವಿಗೆ ಬೀಳುವಂಥವರು ಕೇಳಬೇಕು. ಅರ್ಜಿ ಬರೆಯೋದು, ಸಹಿ ಸಂಗ್ರಹಿಸೋದು, ಶಾಸಕರನ್ನ ಬೆನ್ನು ಹತ್ತೋದು ಫೋಟೋಗೆ ಚೆನ್ನಾಗಿ ಬರಲ್ಲ, ನಿಜ. ಆದರೆ ಇದಕ್ಕೆ 220 ಕಿಲೋಮೀಟರ್ ಬರಬೇಕಾಗಿಲ್ಲ, ಗುಡ್ಡ ಹತ್ತಬೇಕಾಗಿಲ್ಲ. ವಿಧಾನಸೌಧಕ್ಕೆ ಮೆಟ್ರೋ ಇದೆ.