ಹೊಗೆ ಸೋರುವುದು ಗ್ಯಾಸ್ಕೆಟ್ಟಿನ ದೋಷವೆ?

ಕಾರಿನ ಎಂಜಿನ್ನಿನಿಂದ ಹೊರಬರುವ ಉರಿದ ಅನಿಲಗಳನ್ನು ಒಟ್ಟುಗೂಡಿಸಿ ಸೈಲೆನ್ಸರಿನತ್ತ ಸಾಗಿಸುವ ಕವಲುಕೊಳವೆಗೆ ಮ್ಯಾನಿಫೋಲ್ಡ್ ಎಂದು ಹೆಸರು. ಅದಕ್ಕೂ ಸಿಲಿಂಡರ್ ಹೆಡ್ಡಿಗೂ ನಡುವೆ ಸಂದು ಬಿಡದಂತೆ ಇಡುವ ತೆಳುಹಾಳೆಯೇ ಗ್ಯಾಸ್ಕೆಟ್. ಗ್ಯಾರೇಜಿನ ಮಾತಿನಲ್ಲಿ ಪ್ಯಾಕಿಂಗ್. ಬೆಳಗ್ಗೆ ಎಂಜಿನ್ ಚಾಲೂ ಮಾಡಿದೊಡನೆ ‘ಟಿಕ್ ಟಿಕ್’ ಸದ್ದು, ಕಾದ ಮೇಲೆ ಮೌನ, ಸಂದಿಯ ಬಳಿ ಮಸಿಯ ಗೆರೆ – ಇಷ್ಟು ಕಂಡರೆ ಹೊಗೆ ಸೋರುತ್ತಿದೆಯೆಂದೇ ತಿಳಿಯಬೇಕು. ಹೊಸ ಪ್ಯಾಕಿಂಗ್ ಹಾಕುತ್ತಾರೆ. ಕೆಲವು ತಿಂಗಳಲ್ಲಿ ಮತ್ತೆ ಅದೇ ಸದ್ದು. ಇಲ್ಲಿ ತಪ್ಪು ಪ್ಯಾಕಿಂಗಿನದಲ್ಲ, ಅಳೆಯದೆ ಬದಲಾಯಿಸುವ ರೂಢಿಯದು ಎಂಬುದು ನಮ್ಮ ಅಭಿಪ್ರಾಯ.

ಲೆಕ್ಕ ಹಾಕಿ ನೋಡೋಣ. ಎರಕದ ಕಬ್ಬಿಣವು ಒಂದು ಡಿಗ್ರಿ ಸೆಲ್ಸಿಯಸ್ ಕಾದರೆ ತನ್ನ ಉದ್ದದ ಹತ್ತು ಲಕ್ಷದಲ್ಲಿ ಸುಮಾರು 11 ಭಾಗ ಹಿಗ್ಗುತ್ತದೆ. 50 ಸೆಂಟಿಮೀಟರ್ ಉದ್ದದ ಮ್ಯಾನಿಫೋಲ್ಡ್ 500 ಡಿಗ್ರಿ ಕಾದಾಗ ಈ ಹಿಗ್ಗು 2.75 ಮಿಲಿಮೀಟರ್. ಅಲ್ಯೂಮಿನಿಯಮ್ಮಿನ ಸಿಲಿಂಡರ್ ಹೆಡ್ ಅದರ ಎರಡರಷ್ಟು ಹಿಗ್ಗುವ ಲೋಹದ್ದೇ ಆದರೂ, ನೀರು ಅದನ್ನು ತಣಿಸುತ್ತಿರುವುದರಿಂದ ಅದರ ಉಷ್ಣತೆ 70 ಡಿಗ್ರಿಯಷ್ಟೇ ಏರಿತೆಂದುಕೊಂಡರೆ, ಹಿಗ್ಗು 0.8 ಮಿಲಿಮೀಟರ್. ಉಳಿದ ಸುಮಾರು 2 ಮಿಲಿಮೀಟರಿನಷ್ಟು ಒಂದರ ಮೇಲೊಂದು ಜಾರಲೇಬೇಕು. ಸ್ಟಡ್ಡುಗಳಿಗಿಂತ ಅವುಗಳ ರಂಧ್ರಗಳನ್ನು ದೊಡ್ಡದಾಗಿ ಕೊರೆದಿರುವುದು ಇದಕ್ಕಾಗಿಯೇ. ಸೋರಿತೆಂದು ನಟ್ಟುಗಳನ್ನು ಬಲವಾಗಿ ಬಿಗಿದರೆ ಜಾರಲು ಎಡೆಯಿಲ್ಲದೆ ಮ್ಯಾನಿಫೋಲ್ಡ್ ಬಾಗುತ್ತದೆ, ಇಲ್ಲವೆ ಕೊನೆಯ ಸ್ಟಡ್ಡು ಮುರಿಯುತ್ತದೆ.

ನಮ್ಮ ಸೀಮೆಯಲ್ಲಿ ಇದಕ್ಕೆ ಇನ್ನೊಂದು ಕಾರಣವೂ ಕೂಡುತ್ತದೆ. ಸುಳ್ಯದಿಂದ ಸಂಪಾಜೆ ಘಾಟಿಯ ಮೂಲಕ ಮಡಿಕೇರಿಗೆ ಸುಮಾರು ಸಾವಿರ ಮೀಟರುಗಳ ಏರು. ತುಂಬಿದ ಗಾಡಿ ಆ ಏರನ್ನು ಹತ್ತುವಾಗ ಮ್ಯಾನಿಫೋಲ್ಡ್ ಕೆಂಡದಂತೆ ಕಾಯುವುದುಂಟು. ವರ್ಷಕ್ಕೆ 4000 ಮಿಲಿಮೀಟರಿನಷ್ಟು ಮಳೆ ಬೀಳುವ ಈ ನಾಡಿನಲ್ಲಿ ತೋಡಿನ ನೀರು ರಸ್ತೆಗೆ ಹರಿದು ಅದಕ್ಕೆ ಎರಚುವುದೂ ಉಂಟು. ಒಂದು ಮಗ್ಗುಲು ಥಟ್ಟನೆ ಕುಗ್ಗಿ ಇನ್ನೊಂದು ಹಿಗ್ಗಿಯೇ ಇದ್ದರೆ ಎರಕದ ಕಬ್ಬಿಣ ಸೊಟ್ಟಗಾಗುತ್ತದೆ, ಬಿರುಕೂ ಬಿಡುತ್ತದೆ.

ಸದ್ದಿನ ಕಿರಿಕಿರಿಯಷ್ಟೇ ಆಗಿದ್ದರೆ ನಾವು ಇಷ್ಟು ಬರೆಯುತ್ತಿರಲಿಲ್ಲ. ಆ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಪೆಟ್ರೋಲ್ ಗಾಡಿಗಳಲ್ಲಿ ಹೆಚ್ಚು. ಬಣ್ಣವಿಲ್ಲ, ವಾಸನೆಯಿಲ್ಲ, ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಮಿಕ್ಕಿ ಬಲವಾಗಿ ಅಂಟಿಕೊಳ್ಳುತ್ತದೆ. ಮಳೆಗೆ ಗಾಜುಗಳನ್ನೇರಿಸಿ, ಜೀಪಿನ ಟಾರ್ಪಾಲು ಇಳಿಬಿಟ್ಟು ಕುಳಿತವರಿಗೆ ತಲೆನೋವು, ಓಕರಿಕೆ ಬಂದರೆ ಘಾಟಿಯ ತಿರುವುಗಳನ್ನು ದೂರುತ್ತೇವೆ. ಹೊಗೆಯ ಸಂದೇಹ ಯಾರಿಗೆ ಬರುತ್ತದೆ?

ಮಾಡಬೇಕಾದುದು ಕಷ್ಟದ ಕೆಲಸವೇನಲ್ಲ. ಮ್ಯಾನಿಫೋಲ್ಡನ್ನು ಬಿಚ್ಚಿ, ಮಸಿ ಕೆರೆದು, ನೇರವಾದ ಉಕ್ಕಿನ ಪಟ್ಟಿಯನ್ನು ಅದರ ಮುಖದ ಮೇಲಿಟ್ಟು, ಕೆಳಗಿನ ಸಂದನ್ನು ಫೀಲರ್ ಗೇಜಿನಿಂದ ಅಳೆಯಬೇಕು. ಹೆಡ್ಡಿನ ಮುಖಕ್ಕೂ ಇದೇ ಪರೀಕ್ಷೆ. ತಯಾರಕರು ಹೇಳಿದ ಮಿತಿಯನ್ನು ಮೀರಿದ್ದರೆ ವರ್ಕ್‌ಶಾಪಿನಲ್ಲಿ ಮಟ್ಟಸಮಾಡಿಸತಕ್ಕದ್ದು. ಸೈಲೆನ್ಸರನ್ನು ಹೊತ್ತ ಕೊಂಡಿಗಳು ಸಡಿಲವಾಗಿದ್ದರೆ ಕೊಳವೆಯ ಭಾರವೆಲ್ಲ ಈ ಸಂದಿಯ ಮೇಲೆಯೇ ಜಗ್ಗುತ್ತದೆ, ಅದನ್ನೂ ನೋಡಬೇಕು. ಬಳಿಕ ಹೊಸ ಪ್ಯಾಕಿಂಗ್ ಇಟ್ಟು, ನಡುವಿನ ನಟ್ಟಿನಿಂದ ಹೊರಕ್ಕೆ, ಎರಡು ಮೂರು ಸುತ್ತಿನಲ್ಲಿ, ಟಾರ್ಕ್ ವ್ರೆಂಚಿನಿಂದ ಬಿಗಿಯುವುದು. ಮೆಕ್ಯಾನಿಕನಿಗೆ ಇದು ತಿಳಿಯದೆಂದಲ್ಲ. ಸಂಜೆಯೊಳಗೆ ಗಾಡಿ ಬೇಕೆಂದು ಹಟ ಹಿಡಿಯುವವರು ನಾವೇ.

ವಿದ್ಯಾರ್ಥಿಗಳು ಪ್ರಯೋಗಶಾಲೆಯಲ್ಲಿ ಹಿತ್ತಾಳೆಯ ಸರಳನ್ನು ಹಬೆಯಲ್ಲಿ ಕಾಯಿಸಿ ಅದರ ಹಿಗ್ಗನ್ನು ಅಳೆದು ಪುಸ್ತಕದಲ್ಲಿ ಬರೆಯುತ್ತಾರೆ. ಪುತ್ತೂರು, ಸುಳ್ಯಗಳ ಕಾಲೇಜುಗಳು ಗುಜರಿಯಿಂದ ಒಂದು ಹಳೆಯ ಮ್ಯಾನಿಫೋಲ್ಡನ್ನು ತಂದು ಅದೇ ಮೇಜಿನ ಮೇಲೆ ಇಡಲಿ. ಸೊಟ್ಟಗಾದ ಕೊನೆ ಯಾವುದು, ಎಷ್ಟು ಸೊಟ್ಟಗಾಗಿದೆ ಎಂಬುದನ್ನು ಹುಡುಗರು, ಹುಡುಗಿಯರು ತಾವೇ ಅಳೆದು ನೋಡಲಿ.